ಯಾವ ಬ್ಲೂಮಿಂಗ್ಟನ್? ಅಮೆರಿಕಕ್ಕೆ ಓದಲು ಹೊರಟವರು ಊರನ್ನು ಖಚಿತಪಡಿಸಿಕೊಳ್ಳುವ ಕ್ರಮ

ಅಮೆರಿಕದಲ್ಲಿ ಬ್ಲೂಮಿಂಗ್ಟನ್ ಎಂಬ ಹೆಸರಿನ ಊರುಗಳು ಹಲವು ಇವೆ. ಅವುಗಳಲ್ಲಿ ಓದಲು ಅಥವಾ ಉದ್ಯೋಗಕ್ಕೆಂದು ಹೋಗುವ ಕನ್ನಡಿಗರಿಗೆ ಎದುರಾಗುವಂಥವು ಮುಖ್ಯವಾಗಿ ಮೂರು. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ 1820ರಲ್ಲಿ ಸ್ಥಾಪನೆಯಾದ ಇಂಡಿಯಾನಾ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಇದೆ. ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ 1850ರಲ್ಲಿ ಆರಂಭವಾದ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯವಿದ್ದು, ಆ ಊರಿಗೆ ಅಂಟಿಕೊಂಡೇ ಇರುವ ನಾರ್ಮಲ್ ಎಂಬ ಪಟ್ಟಣದಲ್ಲಿ 1857ರ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯವಿದೆ. ಮಿನ್ನೆಸೋಟಾ ರಾಜ್ಯದ ಬ್ಲೂಮಿಂಗ್ಟನ್ ಮಿನ್ನಿಯಾಪೊಲಿಸ್ ನಗರದ ದಕ್ಷಿಣಕ್ಕಿರುವ ಉಪನಗರ; 1992ರಲ್ಲಿ ತೆರೆದ ಮಾಲ್ ಆಫ್ ಅಮೆರಿಕದಿಂದ ಅದು ಹೆಸರುವಾಸಿಯಾಗಿದೆ.

ಈ ಮೂರನ್ನು ಗಾತ್ರದಿಂದ ಬೇರ್ಪಡಿಸುವುದೂ ಕಷ್ಟ. 2020ರ ಜನಗಣತಿಯ ಪ್ರಕಾರ ಇಂಡಿಯಾನಾದ ಊರಿನಲ್ಲಿ ಸುಮಾರು 79 ಸಾವಿರ ಜನರಿದ್ದರೆ ಇಲಿನಾಯ್‌ನ ಊರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಜನರಿದ್ದರು. ಮಿನ್ನೆಸೋಟಾದ ಊರಿನ ಜನಸಂಖ್ಯೆ 90 ಸಾವಿರದ ಹತ್ತಿರವಿತ್ತು. ಆದ್ದರಿಂದ ಊರಿನ ಹೆಸರನ್ನೊಂದೇ ನೆಚ್ಚಿಕೊಂಡು ಅರ್ಜಿ ಹಾಕುವುದು, ಟಿಕೆಟ್ ತೆಗೆಯುವುದು, ಮನೆಗೆ ಮುಂಗಡ ಕೊಡುವುದು ಇವೆಲ್ಲವೂ ಅಪಾಯಕರ. ನಮ್ಮಲ್ಲಿ ಹೊಸಹಳ್ಳಿ ಎಂದರೆ ಯಾರೂ ಅಷ್ಟಕ್ಕೇ ಒಪ್ಪಿಕೊಳ್ಳುವುದಿಲ್ಲ; ಯಾವ ಹೋಬಳಿ, ಯಾವ ತಾಲ್ಲೂಕು ಎಂದು ಕೇಳಿಯೇ ಮುಂದಿನ ಮಾತು. ಅಮೆರಿಕದ ಊರುಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳುವ ಅಭ್ಯಾಸ ಬೇಕು. ಅಲ್ಲಿ ಉತ್ತರ ಕೊಡುವುದು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ), ರಾಜ್ಯ ಮತ್ತು ಜಿಪ್ ಕೋಡ್.

ಮೊದಲ ಹೆಜ್ಜೆ: ಊರಿನ ಪೂರ್ಣ ಗುರುತನ್ನು ಬರೆದಿಟ್ಟುಕೊಳ್ಳಿ

ಅರ್ಜಿಯ ಕೆಲಸ ಆರಂಭಿಸುವ ಮೊದಲೇ ಒಂದು ಹಾಳೆಯಲ್ಲಿ ನಿಮ್ಮ ಊರಿನ ಪೂರ್ಣ ಗುರುತನ್ನು ಬರೆದುಕೊಳ್ಳಿ. ವಿಳಾಸವನ್ನು ಮೇಲಿನಿಂದ ಕೆಳಕ್ಕೆ ಓದುವುದಕ್ಕಿಂತ ಕೆಳಗಿನಿಂದ ಮೇಲಕ್ಕೆ ಓದುವುದು ಇಲ್ಲಿ ಹೆಚ್ಚು ಉಪಯುಕ್ತ: ಮೊದಲು ಜಿಪ್ ಕೋಡ್, ಅನಂತರ ರಾಜ್ಯ, ಕೊನೆಗೆ ಊರು.

ಜಿಪ್ ಕೋಡ್ ಎಂದರೆ ನಮ್ಮ ಪಿನ್ ಕೋಡಿನಂತೆಯೇ ಅಂಚೆಯ ಸಂಖ್ಯೆ. ಅಲ್ಲಿ ಐದು ಅಂಕಿಗಳಿರುತ್ತವೆ. ಮೊದಲ ಅಂಕಿಯೇ ದೇಶದ ಯಾವ ಭಾಗ ಎಂಬುದನ್ನು ತಿಳಿಸುತ್ತದೆ. ಇಂಡಿಯಾನಾದ ಸಂಖ್ಯೆಗಳು 46 ಅಥವಾ 47ರಿಂದ, ಮಿನ್ನೆಸೋಟಾದವು 55 ಅಥವಾ 56ರಿಂದ, ಇಲಿನಾಯ್‌ನವು 60, 61 ಅಥವಾ 62ರಿಂದ ಆರಂಭವಾಗುತ್ತವೆ. ಇಂಡಿಯಾನಾ ವಿಶ್ವವಿದ್ಯಾಲಯದ ಬ್ಲೂಮಿಂಗ್ಟನ್ ಕ್ಯಾಂಪಸ್ಸಿನ ಜಿಪ್ ಕೋಡ್ 47405. ಇಲಿನಾಯ್ ವೆಸ್ಲಿಯನ್ ಇರುವ ಪ್ರದೇಶದ್ದು 61701. ಪಕ್ಕದ ನಾರ್ಮಲ್ ಪಟ್ಟಣದ್ದು 61761. ಮಾಲ್ ಆಫ್ ಅಮೆರಿಕದ ಸುತ್ತಲಿನದು 55425. ಯಾವ ಪತ್ರದಲ್ಲಾದರೂ ಬ್ಲೂಮಿಂಗ್ಟನ್ ಎಂದು ಕಂಡಾಗ ಮೊದಲು ನೋಡಬೇಕಾದದ್ದು ಈ ಮೊದಲ ಅಂಕಿಯನ್ನೇ: 4 ಇಂಡಿಯಾನಾ, 5 ಮಿನ್ನೆಸೋಟಾ, 6 ಇಲಿನಾಯ್.

ಕೌಂಟಿಯ ಹೆಸರನ್ನೂ ಸೇರಿಸಿಕೊಳ್ಳಿ. ಇಂಡಿಯಾನಾದ ಬ್ಲೂಮಿಂಗ್ಟನ್ ಮನ್ರೋ ಕೌಂಟಿಯ ಕೇಂದ್ರ, ಇಲಿನಾಯ್‌ನದು ಮೆಕ್ಲೀನ್ ಕೌಂಟಿಯ ಕೇಂದ್ರ, ಮಿನ್ನೆಸೋಟಾದ್ದು ಹೆನೆಪಿನ್ ಕೌಂಟಿಗೆ ಸೇರಿದ್ದು. ವಿದ್ಯಾರ್ಥಿಗಳಿಗೆ ಇದು ಅಷ್ಟಾಗಿ ಬೇಕಾಗದಿದ್ದರೂ ಉದ್ಯೋಗದ ಕಾಗದಪತ್ರಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಆ ಮಾತು ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ವಿಶ್ವವಿದ್ಯಾಲಯವನ್ನು ಅದರ ಪೂರ್ಣ ಹೆಸರಿನಿಂದಲೂ ಕ್ಯಾಂಪಸ್ಸಿನಿಂದಲೂ ಗುರುತಿಸಿ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ ಆದ್ದರಿಂದ ಈ ಹೆಜ್ಜೆಗೆ ಸಾಕಷ್ಟು ಸಮಯ ಕೊಡಬೇಕು.

ಕನ್ನಡ ಓದುಗರ ಮಟ್ಟಿಗೆ ಇಂಡಿಯಾನಾದ ಬ್ಲೂಮಿಂಗ್ಟನ್ ಅಪರಿಚಿತ ಊರಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಸೇರಿದ್ದು ಇಂಡಿಯಾನಾ ವಿಶ್ವವಿದ್ಯಾಲಯವನ್ನು. ಕನ್ನಡದ ವ್ಯಾಕರಣವನ್ನೇ ವಿಷಯವಾಗಿಟ್ಟುಕೊಂಡು ಅಲ್ಲಿಂದ ಭಾಷಾವಿಜ್ಞಾನದಲ್ಲಿ 1963ರಲ್ಲಿ ಪಿಎಚ್.ಡಿ. ಪಡೆದರು. ಜಾನಪದ ಅಧ್ಯಯನಕ್ಕೆ ಅಮೆರಿಕದಲ್ಲಿ ಭದ್ರವಾದ ನೆಲೆ ಒದಗಿಸಿದ ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಇಲ್ಲಿಯೇ ಅಧ್ಯಾಪಕಿಯಾಗಿದ್ದರು. ಊರಿನವರೆಲ್ಲ ಸೇರಿ ಬಳಸುವ ನೀರು, ಕಾಡು, ಮೀನುಗಾರಿಕೆಯಂಥ ಸಾಮೂಹಿಕ ಸಂಪತ್ತನ್ನು ಜನರೇ ಹೇಗೆ ನಿಭಾಯಿಸಬಲ್ಲರು ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಸಂಗೀತಕ್ಕೆ ಜೇಕಬ್ಸ್ ಶಾಲೆ, ವ್ಯವಹಾರ ನಿರ್ವಹಣೆಗೆ ಕೆಲ್ಲಿ ಶಾಲೆ, ಕಂಪ್ಯೂಟರ್ ಮತ್ತು ಮಾಹಿತಿ ವಿಜ್ಞಾನಕ್ಕೆ ಲಡಿ ಶಾಲೆ ಇಲ್ಲಿವೆ. ನೀವು ಹುಡುಕುತ್ತಿರುವುದು ಈ ಹೆಸರುಗಳನ್ನಾದರೆ ನಿಮ್ಮ ಊರು ಮನ್ರೋ ಕೌಂಟಿಯ ಬ್ಲೂಮಿಂಗ್ಟನ್.

ಆದರೆ ಇಂಡಿಯಾನಾ ವಿಶ್ವವಿದ್ಯಾಲಯ ಎಂದಷ್ಟೇ ಹೇಳಿದರೆ ಬ್ಲೂಮಿಂಗ್ಟನ್ ಎಂದೇ ಅರ್ಥವಾಗುವುದಿಲ್ಲ. ಇದೇ ವಿಶ್ವವಿದ್ಯಾಲಯಕ್ಕೆ ಇಂಡಿಯಾನಾಪೊಲಿಸ್, ಕೊಕೊಮೊ, ಸೌತ್ ಬೆಂಡ್, ಗ್ಯಾರಿ ಮುಂತಾದ ಊರುಗಳಲ್ಲಿಯೂ ಕ್ಯಾಂಪಸ್‌ಗಳಿವೆ. ಇಂಡಿಯಾನಾಪೊಲಿಸ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದೊಂದಿಗೆ ಬಹುಕಾಲ ಜಂಟಿಯಾಗಿ ನಡೆಯುತ್ತಿದ್ದ ಕ್ಯಾಂಪಸ್ 2024ರ ಜುಲೈ 1ರಿಂದ ಎರಡಾಗಿ ಬೇರ್ಪಟ್ಟಿರುವುದರಿಂದ, ಅದಕ್ಕಿಂತ ಹಿಂದಿನ ಲೇಖನಗಳಲ್ಲಿಯೂ ಹಿರಿಯ ವಿದ್ಯಾರ್ಥಿಗಳ ಸಲಹೆಗಳಲ್ಲಿಯೂ ಕಾಣುವ ಆ ಜಂಟಿ ಕ್ಯಾಂಪಸ್ಸಿನ ಹೆಸರು ಈಗ ಹಾಗೆಯೇ ಉಳಿದಿಲ್ಲ. ಇನ್ನೂ ಮುಖ್ಯವಾದ ಎಚ್ಚರಿಕೆ: ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಡಿಯಾನಾ ಎಂಬ ಹೆಸರಿನ ಒಂದು ಪಟ್ಟಣವೇ ಇದ್ದು, ಅಲ್ಲಿರುವ ಸಂಸ್ಥೆಯ ಹೆಸರು ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಅದಕ್ಕೂ ಇಂಡಿಯಾನಾ ರಾಜ್ಯದ ವಿಶ್ವವಿದ್ಯಾಲಯಕ್ಕೂ ಯಾವ ಸಂಬಂಧವೂ ಇಲ್ಲ.

ಇಲಿನಾಯ್‌ನ ಕಡೆಗೂ ಇಂಥವೇ ತೊಡಕುಗಳಿವೆ. ಬ್ಲೂಮಿಂಗ್ಟನ್‌ನ ಇಲಿನಾಯ್ ವೆಸ್ಲಿಯನ್, ಮೇರಿಯನ್ ಎಂಬ ಬೇರೊಂದು ಊರಿನ ಇಂಡಿಯಾನಾ ವೆಸ್ಲಿಯನ್ ಎರಡನ್ನೂ ಐಡಬ್ಲ್ಯುಯು ಎಂದೇ ಸಂಕ್ಷೇಪಿಸುತ್ತಾರೆ. ನಾರ್ಮಲ್‌ನ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯ ಬೇರೆ, ಅರ್ಬಾನಾ-ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯ ಬೇರೆ. ಎರಡರ ನಡುವೆ ಸುಮಾರು 80 ಕಿಲೋಮೀಟರ್ ದೂರವಿದೆ. ಮಿನ್ನೆಸೋಟಾದ ಬ್ಲೂಮಿಂಗ್ಟನ್‌ನಲ್ಲಿ ನಾರ್ಮನ್‌ಡೇಲ್ ಕಮ್ಯುನಿಟಿ ಕಾಲೇಜಿನ ಜೊತೆಗೆ ನಾರ್ತ್‌ವೆಸ್ಟರ್ನ್ ಹೆಲ್ತ್ ಸೈನ್ಸಸ್ ವಿಶ್ವವಿದ್ಯಾಲಯ ಎಂಬ ಸಂಸ್ಥೆಯೂ ಇದೆ. ಶಿಕಾಗೋ ಬಳಿಯ ಇವಾನ್ಸ್‌ಟನ್‌ನಲ್ಲಿರುವ ಪ್ರಸಿದ್ಧ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ. ಇವುಗಳಲ್ಲಿ ಯಾವ ಸಂಸ್ಥೆಯೂ ಇನ್ನೊಂದರ ಹೆಸರನ್ನು ಕದ್ದದ್ದಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಇತಿಹಾಸವಿದೆ. ದೂರದಿಂದ ನೋಡುವ ನಾವೇ ಜಾಗರೂಕರಾಗಬೇಕು.

ಖಚಿತಪಡಿಸಿಕೊಳ್ಳುವ ವಿಧಾನ ಹೀಗಿರಲಿ. ಸಂಸ್ಥೆಯ ಅಧಿಕೃತ ಜಾಲತಾಣವನ್ನು ತೆರೆದು, ಪುಟದ ಅಡಿಯಲ್ಲಿರುವ ಅಂಚೆ ವಿಳಾಸವನ್ನು ನೀವು ಬರೆದಿಟ್ಟುಕೊಂಡ ಜಿಪ್ ಕೋಡಿನೊಂದಿಗೆ ಹೋಲಿಸಿ. ಜಾಲತಾಣದ ಹೆಸರು ಡಾಟ್ ಇಡಿಯು ಎಂದು ಕೊನೆಗೊಳ್ಳುತ್ತದೆಯೇ ನೋಡಿ. 2001ರಿಂದೀಚೆಗೆ ಆ ಕೊನೆಯನ್ನು ಅಮೆರಿಕದ ಮಾನ್ಯತೆ ಪಡೆದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತಿದೆ. ಅನಂತರ ಅಮೆರಿಕ ಸರ್ಕಾರದ ಸ್ಟಡಿ ಇನ್ ದ ಸ್ಟೇಟ್ಸ್ ತಾಣದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಪಡೆದ ಶಾಲೆಗಳ ಪಟ್ಟಿಯಿದೆ. ಅಲ್ಲಿ ಊರು ಮತ್ತು ರಾಜ್ಯ ಎರಡನ್ನೂ ಆರಿಸಿ ಹುಡುಕಿದರೆ ಯಾವ ಸಂಸ್ಥೆ ಯಾವ ಊರಿನದು ಎಂಬುದು ಸಂಶಯವಿಲ್ಲದೆ ತಿಳಿಯುತ್ತದೆ. ಏಜೆಂಟರ ಮಾತನ್ನೋ ಶ್ರೇಯಾಂಕದ ಪಟ್ಟಿಯನ್ನೋ ನಂಬಿ ಈ ಪರಿಶೀಲನೆಯನ್ನು ಬಿಟ್ಟುಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ಅಂಕಪಟ್ಟಿ ಮತ್ತು ಪರೀಕ್ಷೆಯ ಫಲಿತಾಂಶ ಕಳಿಸುವಾಗ

ಜಿಆರ್‌ಇ, ಟೋಫೆಲ್‌ನಂಥ ಉನ್ನತ ವ್ಯಾಸಂಗದ ಅರ್ಹತೆಯನ್ನೂ ಇಂಗ್ಲಿಷ್ ಜ್ಞಾನವನ್ನೂ ಅಳೆಯುವ ಪರೀಕ್ಷೆಗಳ ಫಲಿತಾಂಶ ವಿಶ್ವವಿದ್ಯಾಲಯದ ಸಂಕೇತ ಸಂಖ್ಯೆಯ ಮೂಲಕ ಹೋಗುತ್ತದೆ. ಒಂದೇ ವಿಶ್ವವಿದ್ಯಾಲಯದ ಬೇರೆ ಬೇರೆ ಕ್ಯಾಂಪಸ್‌ಗಳಿಗೆ ಬೇರೆ ಸಂಕೇತಗಳಿರಬಹುದು. ಇಂಡಿಯಾನಾದ ಬ್ಲೂಮಿಂಗ್ಟನ್ ಮತ್ತು ಇಂಡಿಯಾನಾಪೊಲಿಸ್ ಕ್ಯಾಂಪಸ್‌ಗಳದು ಹಾಗೆಯೇ ಬೇರೆ ಬೇರೆ. ಜಿಆರ್‌ಇ ಬರೆದ ದಿನ ನಾಲ್ಕು ಸಂಸ್ಥೆಗಳವರೆಗೆ ಹೆಚ್ಚುವರಿ ಶುಲ್ಕವಿಲ್ಲದೆ ಫಲಿತಾಂಶ ಕಳಿಸುವ ಅವಕಾಶವಿರುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲಿನ ಪಟ್ಟಿಯಲ್ಲಿ ಹೆಸರು ಹುಡುಕುತ್ತ ಕೂರುವ ಬದಲು, ನಿಮ್ಮ ವಿಭಾಗದ ಪ್ರವೇಶ ಪುಟದಲ್ಲಿ ಕೊಟ್ಟಿರುವ ಸಂಕೇತವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿ. ಇಲ್ಲಿಯ ವಿಶ್ವವಿದ್ಯಾಲಯದಿಂದ ಅಧಿಕೃತ ಅಂಕಪಟ್ಟಿ ತರಿಸುವಾಗ ಅರ್ಜಿಯಲ್ಲಿ ಕಳಿಸಬೇಕಾದ ವಿಳಾಸವನ್ನು ಕೇಳಿದರೆ, ರಾಜ್ಯದ ಹೆಸರನ್ನು ಸಂಕ್ಷೇಪಿಸದೆ ಪೂರ್ತಿಯಾಗಿ ಬರೆಯಿರಿ.

ನಾಲ್ಕನೆಯ ಹೆಜ್ಜೆ: ಎರಡಕ್ಷರದ ಸಂಕ್ಷೇಪಗಳ ವಿಷಯದಲ್ಲಿ ಎಚ್ಚರ

ಅಮೆರಿಕದ ಅಂಚೆಯಲ್ಲಿ ಪ್ರತಿ ರಾಜ್ಯಕ್ಕೂ ಎರಡಕ್ಷರದ ಸಂಕ್ಷೇಪವಿದೆ: ಇಂಡಿಯಾನಾಕ್ಕೆ ಐಎನ್, ಇಲಿನಾಯ್‌ಗೆ ಐಎಲ್, ಮಿನ್ನೆಸೋಟಾಕ್ಕೆ ಎಂಎನ್. ಜಗತ್ತಿನ ದೇಶಗಳಿಗೂ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತಗಳಿದ್ದು, ಅಲ್ಲಿ ಐಎನ್ ಎಂದರೆ ಭಾರತ, ಐಎಲ್ ಎಂದರೆ ಇಸ್ರೇಲ್, ಎಂಎನ್ ಎಂದರೆ ಮಂಗೋಲಿಯಾ. ಮೂರು ಬ್ಲೂಮಿಂಗ್ಟನ್‌ಗಳ ಮೂರು ಸಂಕ್ಷೇಪಗಳೂ ಹೀಗೆ ಮೂರು ದೇಶಗಳ ಸಂಕೇತಗಳೊಂದಿಗೆ ಹೊಂದಿಕೊಂಡುಬಿಟ್ಟಿವೆ.

ಭಾರತದಿಂದ ಅರ್ಜಿ ಹಾಕುವವರಿಗೆ ಇದರಲ್ಲಿ ಐಎನ್ ಹೆಚ್ಚು ತೊಂದರೆ ಕೊಡುತ್ತದೆ. ಆನ್‌ಲೈನ್ ಅರ್ಜಿಗಳಲ್ಲಿ ಸ್ವಂತ ವಿಳಾಸದ ರಾಜ್ಯದ ಜಾಗದಲ್ಲಿ ಕರ್ನಾಟಕದ ಬದಲು ಐಎನ್ ಬಿದ್ದರೆ, ನೀವು ಇಂಡಿಯಾನಾ ರಾಜ್ಯದ ನಿವಾಸಿ ಎಂದು ಅರ್ಥವಾಗುವ ಸಂಭವವಿದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದ ನಿವಾಸಿಗಳಿಗೂ ಹೊರಗಿನವರಿಗೂ ಶುಲ್ಕ ಬೇರೆ ಬೇರೆ ಇರುವುದರಿಂದ ಇದು ಸಣ್ಣ ತಪ್ಪಲ್ಲ. ಕೊರಿಯರ್ ಚೀಟಿಯಲ್ಲಿಯೂ ಬ್ಯಾಂಕಿನ ಹಣ ರವಾನೆಯ ಅರ್ಜಿಯಲ್ಲಿಯೂ ದೇಶದ ಜಾಗದಲ್ಲಿ ಯುನೈಟೆಡ್ ಸ್ಟೇಟ್ಸ್ ಎಂದೂ ರಾಜ್ಯದ ಜಾಗದಲ್ಲಿ ಇಂಡಿಯಾನಾ ಎಂದೂ ಬಿಡಿಸಿ ಬರೆಯುವುದೇ ಕ್ಷೇಮ. ಅರ್ಜಿ ಸಲ್ಲಿಸುವ ಮುನ್ನ ಕೊನೆಯಲ್ಲಿ ಕಾಣುವ ಸಾರಾಂಶ ಪುಟದಲ್ಲಿ ಎರಡೂ ವಿಳಾಸಗಳನ್ನು ಮತ್ತೊಮ್ಮೆ ಓದಿಕೊಳ್ಳಿ.

ಐದನೆಯ ಹೆಜ್ಜೆ: ಐ-20 ಪತ್ರವನ್ನು ಓದುವುದು

ಪ್ರವೇಶ ಸಿಕ್ಕಿ, ಹಣಕಾಸಿನ ದಾಖಲೆ ಕೊಟ್ಟ ಬಳಿಕ ವಿಶ್ವವಿದ್ಯಾಲಯ ಐ-20 ಎಂಬ ಪತ್ರವನ್ನು ಕಳಿಸುತ್ತದೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾಕ್ಕೆ ಇದೇ ಆಧಾರ. ಇದರ ಮೊದಲ ಪುಟದಲ್ಲಿ ಶಾಲೆಯ ಹೆಸರು, ವಿಳಾಸ, ಶಾಲೆಯ ಸಂಕೇತ, ತಲುಪಿದ ಮೇಲೆ ಭೇಟಿಯಾಗಬೇಕಾದ ಅಧಿಕಾರಿಯ ಹೆಸರು ಇರುತ್ತವೆ. ಈ ವಿಳಾಸದ ಜಿಪ್ ಕೋಡ್ ನಿಮ್ಮ ಹಾಳೆಯಲ್ಲಿರುವುದಕ್ಕೆ ಹೊಂದಬೇಕು. ಇಲ್ಲದಿದ್ದರೆ ಬೇರೆ ಕ್ಯಾಂಪಸ್ಸಿಗೆ ಪ್ರವೇಶ ದೊರೆತಿದೆಯೇ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಕೂಡಲೇ ಬರೆದು ಕೇಳಿ.

ಎರಡು ಮೂರು ಕಡೆ ಪ್ರವೇಶ ಸಿಕ್ಕವರಿಗೆ ಎರಡು ಮೂರು ಐ-20 ಪತ್ರಗಳು ಬರುವುದುಂಟು. ಪ್ರತಿಯೊಂದಕ್ಕೂ ಎನ್ ಅಕ್ಷರದಿಂದ ಆರಂಭವಾಗುವ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಸಂಖ್ಯೆ ಬೇರೆ. 350 ಡಾಲರಿನ ಸೆವಿಸ್ ಶುಲ್ಕವನ್ನು ನೀವು ನಿಜವಾಗಿ ಸೇರಲಿರುವ ಸಂಸ್ಥೆಯ ಸಂಖ್ಯೆಗೇ ಕಟ್ಟಿ, ವೀಸಾ ಅರ್ಜಿಯಾದ ಡಿಎಸ್-160ರಲ್ಲಿಯೂ ಅದೇ ಸಂಖ್ಯೆ ಮತ್ತು ಅದೇ ವಿಳಾಸವನ್ನು ಕೊಡಬೇಕು. ಶಿಕ್ಷಣ ಸಾಲದ ಮಂಜೂರಾತಿ ಪತ್ರದಲ್ಲಿಯೂ ಸಂಸ್ಥೆಯ ಹೆಸರು ಐ-20ರಲ್ಲಿ ಇರುವಂತೆಯೇ ಇರಲಿ ಎಂದು ಬ್ಯಾಂಕಿನವರನ್ನು ಕೇಳಿಕೊಳ್ಳಿ. ವೀಸಾ ಅಧಿಕಾರಿ ಯಾವ ಊರಿಗೆ ಹೋಗುತ್ತೀರಿ ಎಂದು ಕೇಳಿದಾಗ ಊರಿನ ಜೊತೆಗೆ ರಾಜ್ಯದ ಹೆಸರನ್ನೂ ಹೇಳುವುದು ಒಳ್ಳೆಯದು.

ಆರನೆಯ ಹೆಜ್ಜೆ: ಟಿಕೆಟ್ ತೆಗೆಯುವಾಗ

ವಿಮಾನ ಟಿಕೆಟ್ ಹುಡುಕುವ ತಾಣದಲ್ಲಿ ಬ್ಲೂಮಿಂಗ್ಟನ್ ಎಂದು ಬರೆದರೆ ಸಾಮಾನ್ಯವಾಗಿ ಮುಂದೆ ಬರುವುದು ಬಿಎಂಐ ಎಂಬ ಸಂಕೇತದ ನಿಲ್ದಾಣ. ಅದು ಇಲಿನಾಯ್‌ನ ಬ್ಲೂಮಿಂಗ್ಟನ್-ನಾರ್ಮಲ್‌ಗೆ ಸೇರಿದ್ದು. ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿಯೂ ಬಿಎಂಜಿ ಎಂಬ ಸಂಕೇತದ ಸಣ್ಣ ನಿಲ್ದಾಣವಿದೆಯಾದರೂ, ಪ್ರಯಾಣಿಕರು ಬಳಸುವುದು ಸುಮಾರು 80 ಕಿಲೋಮೀಟರ್ ದೂರದ ಇಂಡಿಯಾನಾಪೊಲಿಸ್ ನಿಲ್ದಾಣವನ್ನು. ಅದರ ಸಂಕೇತ ಐಎನ್‌ಡಿ. ಅಲ್ಲಿಂದ ಕ್ಯಾಂಪಸ್ಸಿಗೆ ಶಟಲ್ ಬಸ್ಸುಗಳೂ ಬಾಡಿಗೆ ಕಾರುಗಳೂ ಸಿಗುತ್ತವೆ. ಮಿನ್ನೆಸೋಟಾದ ಬ್ಲೂಮಿಂಗ್ಟನ್‌ಗೆ ಹೋಗುವವರು ಮಿನ್ನಿಯಾಪೊಲಿಸ್-ಸೇಂಟ್ ಪಾಲ್‌ನ ಎಂಎಸ್‌ಪಿ ನಿಲ್ದಾಣದಲ್ಲಿ ಇಳಿದರೆ ಊರು ಪಕ್ಕದಲ್ಲಿಯೇ ಇದೆ. ನಿಲ್ದಾಣದಿಂದ ಮಾಲ್ ಆಫ್ ಅಮೆರಿಕದವರೆಗೆ ಲಘು ರೈಲೂ ಓಡುತ್ತದೆ. ಇಲಿನಾಯ್‌ನ ಊರಿಗೆ ಶಿಕಾಗೋದಲ್ಲಿ ಇಳಿದು ಆಮ್‌ಟ್ರಾಕ್ ರೈಲಿನಲ್ಲಿ ಹೋಗುವ ಅನುಕೂಲವೂ ಇದೆ, ಆದರೆ ರೈಲು ನಿಲ್ಲುವುದು ನಾರ್ಮಲ್ ಪಟ್ಟಣದ ನಿಲ್ದಾಣದಲ್ಲಿ.

ಇಂಡಿಯಾನಾಕ್ಕೆ ಹೋಗಬೇಕಾದವರು ಬಿಎಂಐ ಟಿಕೆಟ್ ತೆಗೆದರೆ ಇಳಿಯುವುದು ಕ್ಯಾಂಪಸ್ಸಿನಿಂದ ಸುಮಾರು ನಾಲ್ಕು ಗಂಟೆಯ ಕಾರು ಪ್ರಯಾಣದಷ್ಟು ದೂರದಲ್ಲಿ, ಮತ್ತು ಎರಡು ಊರುಗಳ ನಡುವೆ ನೇರ ರೈಲು ಇಲ್ಲ. ದೊಡ್ಡ ಪೆಟ್ಟಿಗೆಗಳೊಂದಿಗೆ ಮೊದಲ ಬಾರಿ ದೇಶ ಬಿಟ್ಟು ಹೋದ ಹುಡುಗ ಹುಡುಗಿಯರಿಗೆ ಇದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಟಿಕೆಟಿನಲ್ಲಿ ಊರಿನ ಹೆಸರನ್ನಲ್ಲ, ಮೂರಕ್ಷರದ ಸಂಕೇತವನ್ನು ಓದಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸಿದಾಗಲೂ ಕೊನೆಯ ಸಂಕೇತ ಅದೇ ಇದೆಯೇ ಎಂದು ನೋಡಿ. ಐ-20ರಲ್ಲಿರುವ ಆರಂಭದ ದಿನಾಂಕಕ್ಕಿಂತ 30 ದಿನಗಳಿಗೂ ಮೊದಲು ಎಫ್-1 ವೀಸಾದವರಿಗೆ ದೇಶದೊಳಗೆ ಪ್ರವೇಶವಿಲ್ಲ ಎಂಬುದೂ ಟಿಕೆಟ್ ತೆಗೆಯುವಾಗ ನೆನಪಿರಲಿ.

ಸಮಯದ ಲೆಕ್ಕ

ಇಂಡಿಯಾನಾದ ಬ್ಲೂಮಿಂಗ್ಟನ್ ಪೂರ್ವ ವಲಯದ ಸಮಯವನ್ನು ಅನುಸರಿಸಿದರೆ ಉಳಿದೆರಡು ಊರುಗಳು ಮಧ್ಯ ವಲಯದವು. ಮಾರ್ಚಿಯ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆ ಅವಧಿಯಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ಬೆಳಿಗ್ಗೆ 10 ಎಂದರೆ ನಮಗೆ ಸಂಜೆ 7:30. ಚಳಿಗಾಲದಲ್ಲಿ ರಾತ್ರಿ 8:30. ಇಲಿನಾಯ್ ಮತ್ತು ಮಿನ್ನೆಸೋಟಾದಲ್ಲಿ ಅದೇ ಬೆಳಿಗ್ಗೆ 10 ನಮ್ಮ ಪಾಲಿಗೆ ಒಂದು ಗಂಟೆ ತಡವಾಗಿ ಬರುತ್ತದೆ. ಪ್ರಾಧ್ಯಾಪಕರೊಂದಿಗೆ ಆನ್‌ಲೈನ್ ಸಂದರ್ಶನ ಗೊತ್ತುಮಾಡಿಕೊಳ್ಳುವಾಗ ವಲಯದ ಹೆಸರನ್ನು ಪತ್ರದಲ್ಲಿಯೇ ಬರೆದುಬಿಡಿ.

ಏಳನೆಯ ಹೆಜ್ಜೆ: ಮನೆ ಹುಡುಕುವಾಗ

ಬಾಡಿಗೆ ಮನೆಯ ಜಾಹೀರಾತುಗಳಲ್ಲಿ ರಾಜ್ಯದ ಹೆಸರನ್ನು ಬಿಟ್ಟಿರುವುದು ಸಾಮಾನ್ಯ. ಜಾಹೀರಾತು ಹಾಕಿದವರಿಗೆ ತಮ್ಮ ಊರು ಒಂದೇ ಅಲ್ಲವೆಂಬುದು ನೆನಪಿರಬೇಕಾದ ಅಗತ್ಯವಿಲ್ಲ. ಇಂಥ ಕಡೆ ಬೀದಿಗಳ ಹೆಸರು ನೆರವಿಗೆ ಬರುತ್ತದೆ. ಕರ್ಕ್‌ವುಡ್ ಅವೆನ್ಯೂ ಅಥವಾ ಕಾಲೇಜ್ ಮಾಲ್ ಎಂದಿದ್ದರೆ ಅದು ಇಂಡಿಯಾನಾ. ವೆಟರನ್ಸ್ ಪಾರ್ಕ್‌ವೇ ಎಂದಿದ್ದರೆ ಇಲಿನಾಯ್‌ನ ಊರಿರಬಹುದು. ಅಮೆರಿಕನ್ ಬೂಲೆವಾರ್ಡ್ ಎಂದಿದ್ದರೆ ಮಿನ್ನೆಸೋಟಾದ್ದು. ದೂರವಾಣಿಯ ಪ್ರದೇಶ ಸಂಖ್ಯೆಯೂ ಒಂದು ಸುಳಿವು: 812 ಇಂಡಿಯಾನಾದ ದಕ್ಷಿಣ ಭಾಗ, 309 ಇಲಿನಾಯ್, 952 ಮಿನ್ನಿಯಾಪೊಲಿಸ್‌ನ ಸುತ್ತಲಿನ ಉಪನಗರಗಳು. ಆದರೆ ಜನರು ಊರು ಬದಲಿಸಿದರೂ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಳ್ಳುವುದರಿಂದ ಇದನ್ನು ಸುಳಿವಾಗಿ ಮಾತ್ರ ತೆಗೆದುಕೊಳ್ಳಿ. ಮುಂಗಡ ಹಣ ಕೊಡುವ ಮೊದಲು ಪೂರ್ಣ ವಿಳಾಸವನ್ನು ಪಡೆದು, ನಕ್ಷೆಯಲ್ಲಿ ಹಾಕಿ, ನಿಮ್ಮ ವಿಭಾಗದ ಕಟ್ಟಡಕ್ಕೆ ಇರುವ ದೂರವನ್ನು ಅಳೆಯಿರಿ. ವಾಟ್ಸ್ಆ್ಯಪ್ ಮತ್ತು ಫೇಸ್‌ಬುಕ್‌ನಲ್ಲಿ ಬ್ಲೂಮಿಂಗ್ಟನ್ ಭಾರತೀಯರು ಎಂಬಂಥ ಹೆಸರಿನ ಗುಂಪು ಕಂಡರೆ ಸೇರುವ ಮುನ್ನ ಯಾವ ರಾಜ್ಯದ್ದೆಂದು ಕೇಳಲು ಸಂಕೋಚ ಬೇಡ.

ಉದ್ಯೋಗಕ್ಕೆ ಹೋಗುವವರಿಗೆ

ಸಾಫ್ಟ್‌ವೇರ್ ಉದ್ಯೋಗದ ಪ್ರಕಟಣೆಯಲ್ಲಿ ಬ್ಲೂಮಿಂಗ್ಟನ್ ಎಂದಿದ್ದರೆ ಅದು ಇಲಿನಾಯ್‌ನ ಊರಿರುವ ಸಂಭವ ಹೆಚ್ಚು. 1922ರಲ್ಲಿ ಅಲ್ಲಿ ಆರಂಭವಾದ ಸ್ಟೇಟ್ ಫಾರ್ಮ್ ವಿಮಾ ಸಂಸ್ಥೆಯ ಪ್ರಧಾನ ಕಚೇರಿ ಇಂದಿಗೂ ಅಲ್ಲಿಯೇ ಇದೆ. ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಮೊದಲು ಸಲ್ಲಿಸುವ ಎಲ್‌ಸಿಎ ಎಂಬ ಅರ್ಜಿಯಲ್ಲಿ ಕೆಲಸದ ಸ್ಥಳದ ಕೌಂಟಿಯನ್ನು ನಮೂದಿಸಿರುತ್ತಾರೆ, ಮತ್ತು ಅಲ್ಲಿ ಕೊಡಬೇಕಾದ ಕನಿಷ್ಠ ವೇತನ ಆ ಪ್ರದೇಶದ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ. ಮೆಕ್ಲೀನ್ ಎಂದಿರಬೇಕಾದ ಕಡೆ ಹೆನೆಪಿನ್ ಅಥವಾ ಮನ್ರೋ ಎಂದಿದ್ದರೆ ಕಂಪನಿಯ ವಕೀಲರನ್ನು ಕೇಳಿ ಸರಿಪಡಿಸಿಕೊಳ್ಳುವುದು ನಿಮ್ಮ ಹಕ್ಕು.

ಇದೇ ಕ್ರಮ ಬೇರೆ ಹೆಸರುಗಳಿಗೂ

ಮೇಲಿನ ವಿಧಾನ ಬ್ಲೂಮಿಂಗ್ಟನ್‌ಗೆ ಮಾತ್ರ ಸೀಮಿತವಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ನ್ಯೂಯಾರ್ಕ್ ನಗರದಲ್ಲಿದೆ; ಕೊಲಂಬಿಯಾ ಎಂಬ ಊರಿನಲ್ಲಿರುವುದು ಒಂದು ಕಡೆ ಮಿಸೌರಿ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಸೌತ್ ಕೆರೊಲಿನಾ ವಿಶ್ವವಿದ್ಯಾಲಯ. ಮಯಾಮಿ ಯೂನಿವರ್ಸಿಟಿ ಇರುವುದು ಒಹಾಯೊ ರಾಜ್ಯದ ಆಕ್ಸ್‌ಫರ್ಡ್‌ನಲ್ಲಿ, ಯೂನಿವರ್ಸಿಟಿ ಆಫ್ ಮಯಾಮಿ ಇರುವುದು ಫ್ಲಾರಿಡಾದಲ್ಲಿ. ಮಿಸಿಸಿಪಿಯ ವಿಶ್ವವಿದ್ಯಾಲಯದ ಊರೂ ಆಕ್ಸ್‌ಫರ್ಡ್. ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಊರಿನ ಹೆಸರೇ ಡ್ಯೂಕ್ ವಿಶ್ವವಿದ್ಯಾಲಯವಿರುವ ನಾರ್ತ್ ಕೆರೊಲಿನಾದ ಊರಿಗೂ ಇದೆ.

ತಪ್ಪು ಈಗಾಗಲೇ ಆಗಿದ್ದರೆ

ತಪ್ಪು ಯಾವ ಹಂತದಲ್ಲಿ ತಿಳಿದರೂ ಮೊದಲು ಬರೆಯಬೇಕಾದದ್ದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ, ಏಕೆಂದರೆ ಐ-20ನ್ನು ತಿದ್ದುವ ಅಧಿಕಾರ ಇರುವುದು ಅವರಿಗೆ ಮಾತ್ರ. ತಿದ್ದಿದ ಪ್ರತಿ ಕೈಗೆ ಬಂದ ಮೇಲೆ ಡಿಎಸ್-160 ಮತ್ತು ಬ್ಯಾಂಕಿನ ಪತ್ರಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಿ. ಇವೆಲ್ಲವೂ ವೀಸಾ ಸಂದರ್ಶನಕ್ಕೆ ಮೊದಲೇ ಮುಗಿದಿರಬೇಕು. ವಿಮಾನ ಟಿಕೆಟಿನಲ್ಲಿ ತಪ್ಪು ನಿಲ್ದಾಣವಿದ್ದರೆ ಪ್ರಯಾಣದ ಹಿಂದಿನ ದಿನದವರೆಗೆ ಕಾಯದೆ ಆಗಲೇ ಬದಲಿಸಿಕೊಳ್ಳಿ. ಬದಲಿಸಲು ಬಹಳ ಹಣ ಕೇಳಿದರೆ, ಇಡೀ ಟಿಕೆಟನ್ನು ರದ್ದು ಮಾಡುವ ಮುನ್ನ ಕೊನೆಯ ವಿಮಾನವನ್ನು ಮಾತ್ರ ಬದಲಿಸಲು ಸಾಧ್ಯವೇ ಎಂದು ವಿಮಾನ ಸಂಸ್ಥೆಯನ್ನು ವಿಚಾರಿಸಿ. ಏನನ್ನೂ ತಿಳಿಸದೆ ಆ ವಿಮಾನವನ್ನು ಹತ್ತದೆ ಬಿಟ್ಟರೆ ಅದೇ ಟಿಕೆಟಿನ ಮರುಪ್ರಯಾಣ ರದ್ದಾಗಬಹುದು, ಮತ್ತು ಪೆಟ್ಟಿಗೆಗಳು ಚೀಟಿಯಲ್ಲಿದ್ದ ಊರಿಗೇ ಹೋಗುತ್ತವೆ.